ಹಾಡಿಗೂ ಚಕ್ಕುಬಂದಿ ಬರೆಯಿರಿ

ತಿಪಟೂರಿನ ಉಪನೋಂದಣಾಧಿಕಾರಿ ಕಚೇರಿಯ ಎದುರಿನ ಮಳಿಗೆಯಲ್ಲಿ ಕುಳಿತು ಮೂವತ್ತೆಂಟು ವರ್ಷ ಊರವರ ಕ್ರಯಪತ್ರ, ವಿಭಾಗಪತ್ರ, ಭೋಗ್ಯಪತ್ರಗಳನ್ನು ಬರೆದವನು ನಾನು. ಪೂರ್ವಕ್ಕೆ ಯಾರ ತೋಟ, ಪಶ್ಚಿಮಕ್ಕೆ ಯಾವ ಹಳ್ಳ, ಉತ್ತರಕ್ಕೆ ಗಾಡಿದಾರಿ, ದಕ್ಷಿಣಕ್ಕೆ ಸರ್ಕಾರಿ ಖರಾಬು ಎಂದು ಚಕ್ಕುಬಂದಿ ಬರೆಯದೆ ಒಂದು ಗುಂಟೆಯನ್ನೂ ದಾಟಿಸಿದವನಲ್ಲ. ಅಂಥ ನಾನು 2004ರಲ್ಲಿ ನನ್ನದೇ ಎಂಟು ಭಕ್ತಿಗೀತೆಗಳನ್ನು ಆರು ಸಾವಿರ ರೂಪಾಯಿಗೆ ಬೆಂಗಳೂರಿನ ಒಂದು ಕ್ಯಾಸೆಟ್ ಕಂಪನಿಗೆ ಬರೆದುಕೊಟ್ಟೆ. ಪತ್ರ ಇಂಗ್ಲಿಷಿನಲ್ಲಿತ್ತು, ನಾಲ್ಕು ಪುಟ. ಓದಿದೆಯಾ ಎಂದು ಕೇಳಿದರೆ ಓದಿದೆ. ಸಹಿ ಹಾಕುವ ಜಾಗ ಎಲ್ಲಿದೆ ಎಂದು ಹುಡುಕುವಷ್ಟು ಓದಿದೆ. ‘ಇಡೀ ಜಗತ್ತಿಗೆ, ಶಾಶ್ವತವಾಗಿ, ಈಗಿರುವ ಮತ್ತು ಮುಂದೆ ಹುಟ್ಟುವ ಎಲ್ಲ ಮಾಧ್ಯಮಗಳಿಗೆ’ ಎಂಬ ಸಾಲು ಮೂರನೆಯ ಪುಟದಲ್ಲಿತ್ತು ಎಂದು ತಿಳಿದದ್ದು ಹತ್ತು ವರ್ಷಗಳ ಮೇಲೆ, ಅದರಲ್ಲೊಂದು ಹಾಡು ಯೂಟ್ಯೂಬಿನಲ್ಲಿ ಲಕ್ಷಗಟ್ಟಲೆ ಕಿವಿಗಳಿಗೆ ಬಿದ್ದ ನಂತರ. ಅಲ್ಲಿ ‘ಸಾಹಿತ್ಯ’ ಎಂಬುದರ ಮುಂದೆ ‘ಸಾಂಪ್ರದಾಯಿಕ’ ಎಂದು ಹಾಕಿದ್ದರು. ಬದುಕಿರುವಾಗಲೇ ನಾನು ಸಂಪ್ರದಾಯವಾಗಿಬಿಟ್ಟಿದ್ದೆ.

ಆ ನಂತರ ಕಾನೂನಿನ ಪುಸ್ತಕ ತೆರೆದೆ. ಸಿನಿಮಾಕ್ಕೋ ನಾಟಕಕ್ಕೋ ಭಾವಗೀತೆಯ ಆಲ್ಬಮ್ಮಿಗೋ ಬರೆಯುವ ಕಿರಿಯರು ಈಗಲೂ ಅದೇ ನಾಲ್ಕು ಪುಟ ಹಿಡಿದುಕೊಂಡು ನನ್ನ ಮಳಿಗೆಗೆ ಬರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ವಕೀಲನಲ್ಲ, ದೊಡ್ಡ ಮೊತ್ತದ ವ್ಯವಹಾರಕ್ಕೆ ವಕೀಲರಿಗೆ ಕೊಡುವ ಶುಲ್ಕವನ್ನು ಉಳಿಸಲು ಹೋಗಬೇಡಿ.

ಒಂದು ಹಾಡು, ಮೂರು ಖಾತೆ

ಮೊದಲು ಆಸ್ತಿ ಯಾವುದು ಎಂದು ಗೊತ್ತಿರಬೇಕು. ಕೇಳುವವರಿಗೆ ಹಾಡು ಒಂದೇ. 1957ರ ಕೃತಿಸ್ವಾಮ್ಯ ಕಾಯ್ದೆಯ ಕಣ್ಣಿಗೆ ಅದರಲ್ಲಿ ಮೂರು ಸ್ವತ್ತುಗಳಿವೆ. ಪದಗಳು ಸಾಹಿತ್ಯ ಕೃತಿ. ಅದರ ಕರ್ತೃ ಬರೆದವರು. ರಾಗ ಸಂಯೋಜನೆ ಸಂಗೀತ ಕೃತಿ. ಅದರ ಕರ್ತೃ ಸಂಯೋಜಕರು. ಸ್ಟುಡಿಯೊದಲ್ಲಿ ದಾಖಲಾದದ್ದು ಧ್ವನಿಮುದ್ರಣ. ಅದರ ಕರ್ತೃ ಅದನ್ನು ನಿರ್ಮಿಸಿದವರು. ಇವಲ್ಲದೆ ಗಾಯಕರಿಗೂ ವಾದ್ಯಗಾರರಿಗೂ ಪ್ರದರ್ಶಕರ ಹಕ್ಕು ಎಂಬುದೊಂದು ಬೇರೆ ಇದೆ. ಸಂಯೋಜಕರು ಮೊದಲು ಟ್ಯೂನ್ ಕೊಟ್ಟು, ನೀವು ಅದರ ಮೇಲೆ ಪದ ಕೂರಿಸಿದರೂ ಲೆಕ್ಕ ಇದೇ. ಆದ್ದರಿಂದ ‘ಹಾಡಿನ ಹಕ್ಕು ನಮಗೆ ಬಂದಿದೆ’ ಎಂದು ಯಾರಾದರೂ ಹೇಳಿದರೆ, ಯಾವ ಖಾತೆಯದು ಸ್ವಾಮಿ ಎಂದು ಕೇಳಿ. ಧ್ವನಿಮುದ್ರಣಕ್ಕೆ ಹಣ ಹಾಕಿದವರು ಧ್ವನಿಮುದ್ರಣದ ಒಡೆಯರು. ನಿಮ್ಮ ಪದಗಳು ಅವರದಾಗಬೇಕಾದರೆ ಪತ್ರ ಬೇಕು.

ಒಂದು ಕಾಲದಲ್ಲಿ ಸಿನಿಮಾ ಹಾಡಿಗೆ ಈ ಮಾತು ನಡೆಯುತ್ತಿರಲಿಲ್ಲ. ನಿರ್ಮಾಪಕ ಹಣ ಕೊಟ್ಟು ಬರೆಸಿದ್ದರೆ ಬೇರೆ ಒಪ್ಪಂದ ಇಲ್ಲದಿದ್ದಾಗ ಹಕ್ಕು ಅವನದೇ ಎಂದು 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಅದೇ ತೀರ್ಪಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಕಲಾವಿದರ ಪಾಡು ನೋಡಿ ಸಂಸತ್ತು ಕಾನೂನು ಬದಲಿಸುವುದನ್ನು ಯೋಚಿಸಬೇಕು ಎಂಬ ಅರ್ಥದ ಮಾತು ಸೇರಿಸಿದ್ದರು. ಸಂಸತ್ತು ಯೋಚಿಸಲು ಮೂವತ್ತೈದು ವರ್ಷ ತೆಗೆದುಕೊಂಡಿತು. ಗೀತರಚನೆಕಾರ ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿದ್ದು ದನಿಯೆತ್ತಿದ ತಿದ್ದುಪಡಿ 2012ರ ಜೂನ್ 21ರಂದು ಜಾರಿಗೆ ಬಂತು. ನಮ್ಮ ಪಾಲಿಗೆ ಅದರ ತಿರುಳು ಒಂದೇ ಮಾತು: ಹಕ್ಕನ್ನು ಬರೆದುಕೊಟ್ಟರೂ ರಾಯಲ್ಟಿಯಲ್ಲಿ ಸಮಪಾಲನ್ನು ಬಿಟ್ಟುಕೊಡಲು ಬರುವುದಿಲ್ಲ. ವಾರಸುದಾರರಿಗೆ ಇಲ್ಲವೇ ಸದಸ್ಯರ ಪರವಾಗಿ ರಾಯಲ್ಟಿ ವಸೂಲು ಮಾಡಿ ಹಂಚುವ ಕೃತಿಸ್ವಾಮ್ಯ ಸಂಘಕ್ಕೆ ಬಿಟ್ಟು ಬೇರೆ ಯಾರಿಗೆ ಬರೆದುಕೊಟ್ಟರೂ ಆ ಷರತ್ತು ಅನೂರ್ಜಿತ. ಚಿತ್ರಮಂದಿರದಲ್ಲಿ ಸಿನಿಮಾದ ಜೊತೆ ಹಾಡು ಬಂದರೆ ಪಾಲಿಲ್ಲ. ರೇಡಿಯೊ, ಟಿವಿ, ಮೊಬೈಲ್, ಹೋಟೆಲು, ಇಂಟರ್‌ನೆಟ್ ಎಲ್ಲಕ್ಕೂ ಇದೆ. ಸಿನಿಮಾಕ್ಕೆ ಸೇರದ ಆಲ್ಬಮ್ ಹಾಡಿಗೂ ಇದೆ.

ನಮ್ಮ ಕಚೇರಿಯ ಸುತ್ತ ರಾಯಧನ ಎಂದರೆ ಮರಳು ಮತ್ತು ಕಲ್ಲುಗಣಿ. ಅದಕ್ಕೇ ನಾನು ರಾಯಲ್ಟಿ ಎಂದೇ ಬರೆಯುತ್ತಿದ್ದೇನೆ.

ಬರೆದದ್ದು ನೀವೇ ಎನ್ನುವುದಕ್ಕೆ

ಬರೆದ ಕ್ಷಣದಲ್ಲೇ ಕೃತಿಸ್ವಾಮ್ಯ ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಆದರೆ ಜಗಳ ಬಂದಾಗ ಕ್ಷಣವನ್ನು ತೋರಿಸುವುದು ಹೇಗೆ? ನನಗೆ ಗುರುಸಮಾನರಾಗಿದ್ದ ಒಬ್ಬ ಮೇಷ್ಟ್ರು ಹಾಡು ಬರೆದು ತಮಗೆ ತಾವೇ ರಿಜಿಸ್ಟರ್ಡ್ ಅಂಚೆ ಮಾಡಿಕೊಂಡು, ಲಕೋಟೆಯನ್ನು ಒಡೆಯದೆ ಟ್ರಂಕಿನಲ್ಲಿಡುತ್ತಿದ್ದರು. ಈಗ ರಿಜಿಸ್ಟರ್ಡ್ ಅಂಚೆಯೇ ಸ್ಪೀಡ್ ಪೋಸ್ಟಿನೊಳಗೆ ಕರಗಿಹೋಗಿದೆ. ಆ ಲಕೋಟೆಗಿಂತ ನೀವು ಸಂಯೋಜಕರಿಗೆ ಕಳುಹಿಸಿದ ಒಂದು ಇಮೇಲ್ ಹೆಚ್ಚು ಬೆಲೆಯದು, ಏಕೆಂದರೆ ಅದು ಎದುರಿನವರ ಬಳಿಯೂ ಇರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುವ ಅಭ್ಯಾಸವಿದ್ದರೆ ಕಳುಹಿಸಿ. ಆದರೆ ಫೋನು ಬದಲಾಯಿಸುವ ಮೊದಲು ಆ ಸಂಭಾಷಣೆಯನ್ನು ಉಳಿಸಿಕೊಳ್ಳಿ. ಹೊಡೆದು ಹಾಕಿದ ಸಾಲುಗಳಿರುವ ನೋಟುಪುಸ್ತಕವನ್ನು ಎಸೆಯಬೇಡಿ. ಶುದ್ಧ ಪ್ರತಿಯನ್ನು ಯಾರು ಬೇಕಾದರೂ ನಕಲು ಮಾಡಬಹುದು, ಚಿತ್ತುಕಾಟನ್ನು ಮಾಡಲಾಗದು.

ತೀರಾ ಮುಖ್ಯವೆನಿಸಿದ ಹಾಡನ್ನು ಕೇಂದ್ರ ಸರ್ಕಾರದ ಕೃತಿಸ್ವಾಮ್ಯ ಕಚೇರಿಯಲ್ಲಿ ಆನ್‌ಲೈನ್ ಮೂಲಕ ನೋಂದಾಯಿಸಿ. ಸಾಹಿತ್ಯ ಕೃತಿಗೆ ಶುಲ್ಕ 500 ರೂಪಾಯಿ. ಅರ್ಜಿ ಹಾಕಿದರೆ ಡೈರಿ ಸಂಖ್ಯೆ ಸಿಗುತ್ತದೆ, ಆಕ್ಷೇಪಣೆಗೆಂದು 30 ದಿನ ಕಾಯುತ್ತಾರೆ, ಆಮೇಲೆ ಪರಿಶೀಲನೆ. ಪ್ರಕಟವಾಗದ ಹಾಡನ್ನೂ ನೋಂದಾಯಿಸಬಹುದು. ಆ ದಾಖಲೆ ನ್ಯಾಯಾಲಯದಲ್ಲಿ ಮೇಲ್ನೋಟದ ಪುರಾವೆಯಾಗುತ್ತದೆ. ಪಹಣಿಯ ಹಾಗೆಯೇ: ಎದುರು ಪುರಾವೆ ಬಂದರೆ ಬಿದ್ದುಹೋಗಬಹುದು, ಬರುವವರೆಗೆ ನಿಮ್ಮ ಹೆಸರೇ ನಿಲ್ಲುತ್ತದೆ.

ಪತ್ರ

ಇಲ್ಲಿಗೆ ನನ್ನ ವೃತ್ತಿ ಬಂತು. ಸ್ವಲ್ಪ ಹೆಚ್ಚು ಹೊತ್ತು ಕುಳಿತುಕೊಳ್ಳಿ.

ಕಾಯ್ದೆಯ 19ನೇ ಕಲಂ ಓದಿದ ದಿನ ನನಗೆ ನಗುವೂ ಬಂತು, ಹೊಟ್ಟೆಯೂ ಉರಿಯಿತು. ಅದು ಅಕ್ಷರಶಃ ಚಕ್ಕುಬಂದಿ. ಹಕ್ಕು ವರ್ಗಾವಣೆ ಲಿಖಿತವಾಗಿರಬೇಕು, ಕೊಡುವವರ ಸಹಿ ಇರಬೇಕು. ಯಾವ ಕೃತಿ, ಯಾವ ಯಾವ ಹಕ್ಕು, ಎಷ್ಟು ಅವಧಿ, ಯಾವ ಪ್ರದೇಶ, ಎಷ್ಟು ರಾಯಲ್ಟಿ ಎಂದು ಹೇಳಬೇಕು. ಅವಧಿ ಬರೆಯದಿದ್ದರೆ ಐದು ವರ್ಷ ಎಂದು ಲೆಕ್ಕ. ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ, ಪತ್ರದಲ್ಲಿ ಬೇರೆ ಮಾತಿಲ್ಲದ ಪಕ್ಷದಲ್ಲಿ, ಬಳಸದ ಹಕ್ಕು ಮರಳಿ ನಿಮಗೆ ಬರುತ್ತದೆ. ಗಮನಿಸಿ: ಈ ಮೂರೂ ಕಡೆ, ಪತ್ರ ಮೌನವಾಗಿದ್ದರೆ ಕಾನೂನು ಹಾಡು ಬರೆದವರ ಪರ ಮಾತಾಡುತ್ತದೆ. ಅದಕ್ಕೇ ಕಂಪನಿಯ ಪತ್ರಗಳು ಅಷ್ಟು ವಾಚಾಳಿಗಳು. ‘ಶಾಶ್ವತ’, ‘ಜಗತ್ತಿನಾದ್ಯಂತ’, ‘ಬಳಸಿದರೂ ಬಳಸದಿದ್ದರೂ’ ಎಂಬ ಮೂರು ಮಾತುಗಳು ಆ ಮೂರು ಬಾಗಿಲುಗಳಿಗೆ ಹಾಕುವ ಬೀಗ.

ಆದ್ದರಿಂದ ಪತ್ರ ಕೈಗೆ ಬಂದಾಗ ಮೊದಲಿನಿಂದ ಓದಬೇಡಿ. ಈ ಮಾತುಗಳನ್ನು ಹುಡುಕಿ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಶಾಶ್ವತ ಎಂದಿದ್ದಲ್ಲಿ ಹತ್ತು ವರ್ಷ ಎಂದು ಕೇಳಿ. ಒಪ್ಪದೆ ಇರಬಹುದು. ಕೇಳಿದ್ದಕ್ಕೆ ಅವಕಾಶ ತಪ್ಪಿಸಿದವರನ್ನು ನಾನು ಒಬ್ಬರನ್ನು ಮಾತ್ರ ನೋಡಿದ್ದೇನೆ. ಆತ ಆಮೇಲೆ ಯಾರಿಗೂ ಹಣ ಕೊಟ್ಟ ಸುದ್ದಿಯಿಲ್ಲ. ಮಾಧ್ಯಮಗಳ ಪಟ್ಟಿಯನ್ನು ವಿಶೇಷವಾಗಿ ನೋಡಿ. ಪತ್ರದ ದಿನಾಂಕದಂದು ಇಲ್ಲದಿದ್ದ ಇಲ್ಲವೇ ವಾಣಿಜ್ಯ ಬಳಕೆಯಲ್ಲಿರದ ಮಾಧ್ಯಮಕ್ಕೆ, ಅದರ ಹೆಸರನ್ನು ನಿರ್ದಿಷ್ಟವಾಗಿ ಹೇಳದೆ, ವರ್ಗಾವಣೆ ಅನ್ವಯವಾಗುವುದಿಲ್ಲ ಎಂದು 2012ರ ತಿದ್ದುಪಡಿ ಹೇಳುತ್ತದೆ. ‘ಮುಂದೆ ಹುಟ್ಟುವ ಎಲ್ಲ’ ಎಂಬ ಸಾಲನ್ನು ಈಗಲೂ ಟೈಪು ಮಾಡುತ್ತಾರೆ, ಹಳೆಯ ನಮೂನೆಯ ಮೇಲಿನ ಮಮತೆಯಿಂದ. ಹೊಡೆದು ಹಾಕಿ, ಪಕ್ಕದಲ್ಲಿ ಇಬ್ಬರೂ ಚಿಕ್ಕ ಸಹಿ ಮಾಡಿ.

‘ಈ ಮೊತ್ತ ರಾಯಲ್ಟಿಯೂ ಸೇರಿದಂತೆ ಪೂರ್ಣ ಮತ್ತು ಅಂತಿಮ ಸಂಭಾವನೆ’ ಎಂಬುದು ಇನ್ನೊಂದು. ಕಾನೂನಿನ ಎದುರು ಅದು ನಿಲ್ಲದು ಎಂದು ಸುಮ್ಮನಿರಬೇಡಿ. ನಿಲ್ಲದ ಸಾಲನ್ನು ಕೆಡವಲೂ ನೀವೇ ಕೋರ್ಟಿನ ಮೆಟ್ಟಿಲು ಹತ್ತಬೇಕಾಗುತ್ತದೆ.

ಮಾರುವ ಬದಲು ಗುತ್ತಿಗೆಗೆ ಕೊಡಬಹುದು ಎಂಬುದು ಅನೇಕರಿಗೆ ಹೊಳೆಯುವುದೇ ಇಲ್ಲ. ಕಾಯ್ದೆಯಲ್ಲಿ ವರ್ಗಾವಣೆ ಬೇರೆ, ಪರವಾನಗಿ ಬೇರೆ. ತೋಟ ನಿಮ್ಮದಾಗಿಯೇ ಇದ್ದು ಫಸಲನ್ನು ಮಾತ್ರ ಬಿಟ್ಟುಕೊಡುವ ಹಾಗೆ. ಸ್ವತಂತ್ರ ಆಲ್ಬಮ್, ನಾಟಕ, ಸಾಕ್ಷ್ಯಚಿತ್ರಗಳಿಗೆ ಬರೆಯುವಾಗ ‘ಈ ಒಂದು ಧ್ವನಿಮುದ್ರಣದಲ್ಲಿ ಬಳಸಲು ಅನುಮತಿ ನೀಡಿದ್ದೇನೆ’ ಎಂಬಷ್ಟರಲ್ಲೇ ಅವರ ಕೆಲಸ ಆಗುತ್ತದೆ.

ನಾನು ಈಗ ಕಿರಿಯರ ಪತ್ರಗಳಿಗೆ ಸೇರಿಸುವ ಸಾಲುಗಳು ಇವು. ಬೇಕಾದವರು ತೆಗೆದುಕೊಳ್ಳಿ:

‘ಸದರಿ ಗೀತೆಯ ಸಾಹಿತ್ಯವನ್ನು ಕವಿತೆಯಾಗಿ ಪುಸ್ತಕದಲ್ಲಿ ಮುದ್ರಿಸುವ ಮತ್ತು ವೇದಿಕೆಯಲ್ಲಿ ವಾಚಿಸುವ ಹಕ್ಕು ರಚನೆಕಾರರಲ್ಲೇ ಉಳಿದಿರುತ್ತದೆ.’

‘ಗೀತೆ ಯಾವ ರೂಪದಲ್ಲಿ ಪ್ರಕಟವಾದರೂ ರಚನೆಕಾರರ ಹೆಸರನ್ನು ಸಂಯೋಜಕರ ಹೆಸರಿನ ಜೊತೆಯಲ್ಲೇ ತೋರಿಸತಕ್ಕದ್ದು.’

‘ಅನ್ಯ ಭಾಷೆಗೆ ಅನುವಾದ, ಡಬ್ಬಿಂಗ್ ಹಾಗೂ ಜಾಹೀರಾತಿನ ಬಳಕೆಗೆ ಪ್ರತ್ಯೇಕ ಲಿಖಿತ ಒಪ್ಪಿಗೆ ಮತ್ತು ಪ್ರತ್ಯೇಕ ಸಂಭಾವನೆ ಇರತಕ್ಕದ್ದು.’

‘ಸಾಹಿತ್ಯವನ್ನು ಕೃತಕ ಬುದ್ಧಿಮತ್ತೆಯ ತರಬೇತಿಗೆ ಬಳಸಲು ಈ ಪತ್ರದಿಂದ ಯಾವುದೇ ಅನುಮತಿ ದೊರೆಯುವುದಿಲ್ಲ.’

‘ಈ ಷರತ್ತುಗಳು ನಿರ್ಮಾಪಕರಿಂದ ಹಕ್ಕು ಪಡೆಯುವ ಆಡಿಯೊ ಸಂಸ್ಥೆಗೂ ಮುಂದಿನ ಹಸ್ತಾಂತರಗಳಿಗೂ ಅನ್ವಯಿಸುತ್ತವೆ.’

ಮೊದಲನೆಯದು ನನ್ನ ಗಾಯದಿಂದ ಬಂದದ್ದು. ಆ ಎಂಟು ಹಾಡುಗಳಲ್ಲಿ ಒಂದನ್ನು ಅಕ್ಕನ ಮಗಳಿಂದ ಹಾಡಿಸಿ ನಮ್ಮದೇ ಚಾನೆಲ್ಲಿಗೆ ಹಾಕಿದೆ. ಎರಡೇ ದಿನಕ್ಕೆ ಕಂಪನಿಯಿಂದ ಹಕ್ಕು ಸಾಧನೆಯ ನೋಟಿಸು ಬಂತು. ಕೋಪದಿಂದ ಎದ್ದು ನಿಂತವನು ಹಳೆಯ ಪತ್ರ ತೆಗೆದು ಓದಿ ಕುಳಿತುಕೊಂಡೆ. ಅವರು ಹೇಳಿದ್ದು ಸರಿ, ಬರೆದುಕೊಟ್ಟವನು ನಾನೇ. ಕೊನೆಯ ಷರತ್ತಿಗೂ ಕಾರಣವಿದೆ. ಸಿನಿಮಾದಲ್ಲಿ ನೀವು ಸಹಿ ಮಾಡುವುದು ನಿರ್ಮಾಪಕರ ಜೊತೆ, ಹಾಡಿನಿಂದ ದುಡಿಯುವುದು ಆಡಿಯೊ ಸಂಸ್ಥೆ. ನಡುವಿನ ಪತ್ರವನ್ನು ನೀವು ನೋಡಿರುವುದೇ ಇಲ್ಲ.

ಹಾಗೆಂದು ಬರೆದುಕೊಟ್ಟವನ ಕೈ ಪೂರ್ತಿ ಬರಿದೂ ಅಲ್ಲ. 57ನೇ ಕಲಂ ಪ್ರಕಾರ, ಹಕ್ಕನ್ನೆಲ್ಲ ವರ್ಗಾಯಿಸಿದ ಮೇಲೂ ಕೃತಿ ನನ್ನದು ಎಂದು ಹೇಳಿಕೊಳ್ಳುವ ಹಕ್ಕು ಕರ್ತೃವಿನಲ್ಲೇ ಉಳಿಯುತ್ತದೆ. ಗೌರವಕ್ಕೆ ಕುಂದು ಬರುವಂತೆ ತಿರುಚಿದರೆ ತಡೆಯಲೂಬಹುದು. ಆ ಕಲಂ ಉಲ್ಲೇಖಿಸಿ, 2004ರ ಪತ್ರದ ನಕಲನ್ನೂ ನೋಟುಪುಸ್ತಕದ ಪುಟವನ್ನೂ ಲಗತ್ತಿಸಿ, ಒಂದೂವರೆ ಪುಟದ ಕಾಗದ ಬರೆದೆ. ಏರುದನಿ ಇಲ್ಲ, ಶಾಪವಿಲ್ಲ. ನಾಲ್ಕು ತಿಂಗಳಿಗೆ ‘ಸಾಂಪ್ರದಾಯಿಕ’ ಹೋಗಿ ನನ್ನ ಹೆಸರು ಬಂತು. ಹಣ ಬರಲಿಲ್ಲ. ಆ ಸಂಜೆ ಮನೆಯಲ್ಲಿ ಕೊಬ್ಬರಿ ಮಿಠಾಯಿ ಮಾಡಿದ್ದರು.

ಸಂಘದಲ್ಲಿ ನಿಮ್ಮ ಹೆಸರಿನ ಕಾಲಂ

ಕ್ರಯಪತ್ರ ಆದಮೇಲೆ ಖಾತೆ ಬದಲಾಯಿಸದೆ ಸುಮ್ಮನೆ ಕೂರುವ ರೈತರನ್ನು ನೋಡಿದ್ದೇನೆ. ರಾಯಲ್ಟಿ ಷರತ್ತು ಬರೆಸಿಕೊಂಡು ಸಂಘ ಸೇರದ ಕವಿ ಅದೇ ಜಾತಿ. ಎಲ್ಲೋ ಹುಬ್ಬಳ್ಳಿಯ ಹೋಟೆಲಿನಲ್ಲಿ, ದುಬೈನ ರೇಡಿಯೊದಲ್ಲಿ ನಿಮ್ಮ ಹಾಡು ಮೊಳಗಿದ್ದಕ್ಕೆ ನೀವೇ ಹೋಗಿ ವಸೂಲು ಮಾಡಲು ಆಗುವುದಿಲ್ಲ. ಗೀತರಚನೆಕಾರರು, ಸಂಯೋಜಕರು, ಪ್ರಕಾಶಕರಿಗಾಗಿ ಆ ಕೆಲಸ ಮಾಡುವುದು 1969ರಲ್ಲಿ ಹುಟ್ಟಿದ ಐಪಿಆರ್‌ಎಸ್ (ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ). 2012ರ ತಿದ್ದುಪಡಿಯ ನಂತರ 2017ರಲ್ಲಿ ಮತ್ತೆ ನೋಂದಣಿ ಪಡೆಯಿತು. ಹಾಡುವವರಿಗೆ ಬೇರೆ ಸಂಘವಿದೆ. ಬರೆದು ಹಾಡುವವರು ಎರಡನ್ನೂ ಸೇರಬೇಕು.

ಸೇರುವುದಕ್ಕೆ ಪ್ಯಾನ್, ಬ್ಯಾಂಕ್ ವಿವರ, ನೀವು ಬರೆದು ಬಿಡುಗಡೆಯಾದ ಹಾಡುಗಳ ಪುರಾವೆ ಬೇಕು. ಸೇರಿದ ಮೇಲೆ ಅಸಲು ಕೆಲಸ ಶುರು. ಪ್ರತಿಯೊಂದು ಹಾಡನ್ನೂ ದಾಖಲಿಸಬೇಕು: ಶೀರ್ಷಿಕೆ, ಸಿನಿಮಾ ಇಲ್ಲವೇ ಆಲ್ಬಮ್, ಸಂಯೋಜಕರು, ಗಾಯಕರು, ಆಡಿಯೊ ಸಂಸ್ಥೆ, ಯಾರ ಪಾಲು ಎಷ್ಟು. ಸಿನಿಮಾ ಹಾಡಿಗೆ ಸಾಮಾನ್ಯವಾಗಿ ನೂರರಲ್ಲಿ ಐವತ್ತು ಹಕ್ಕುದಾರ ಸಂಸ್ಥೆಗೆ, ಇಪ್ಪತ್ತೈದು ಸಂಯೋಜಕರಿಗೆ, ಇಪ್ಪತ್ತೈದು ಬರೆದವರಿಗೆ. ಇಬ್ಬರು ಸೇರಿ ಬರೆದಿದ್ದರೆ ಆ ಇಪ್ಪತ್ತೈದನ್ನು ಹೇಗೆ ಒಡೆಯುವುದು ಎಂದು ಹಾಡು ಬಿಡುಗಡೆಯಾಗುವ ಮೊದಲೇ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಹಾಡು ಗೆದ್ದ ಮೇಲೆ ಪಲ್ಲವಿ ಬರೆದವನಿಗೆ ಪಲ್ಲವಿಯೇ ಹಾಡು ಎನಿಸುತ್ತದೆ, ಚರಣ ಬರೆದವನಿಗೆ ಚರಣ. ಅಣ್ಣತಮ್ಮಂದಿರ ವಿಭಾಗಪತ್ರ ಬರೆದವನ ಮಾತು ನಂಬಿ.

ಹೆಸರಿನ ಕಾಗುಣಿತದ ಬಗ್ಗೆ ಎಚ್ಚರ. ಕನ್ನಡದಲ್ಲಿ ನನ್ನ ಹೆಸರಿಗೆ ಒಂದೇ ರೂಪ; ಇಂಗ್ಲಿಷಿನಲ್ಲಿ ಕ್ಯಾಸೆಟ್ ಹೊದಿಕೆಯ ಮೇಲೆ ಒಂದು, ಪ್ಯಾನ್ ಕಾರ್ಡಿನಲ್ಲಿ ಒಂದು ‘ಎಚ್’ ಹೆಚ್ಚು, ಸ್ಟ್ರೀಮಿಂಗ್ ಆ್ಯಪ್‌ನಲ್ಲಿ ಕೊನೆಯ ‘ಎ’ ಮಾಯ. ಕಂಪ್ಯೂಟರಿಗೆ ಇವರು ಮೂವರು ಬೇರೆ ಬೇರೆ ಮನುಷ್ಯರು. ಸಂಘ ನಿಮಗೆ ಐಪಿಐ ಎಂಬ ಸಂಖ್ಯೆ ಕೊಡಿಸುತ್ತದೆ, ಕೃತಿಗೆ ಐಎಸ್‌ಡಬ್ಲ್ಯುಸಿ ಎಂಬ ಸಂಖ್ಯೆ ಇರುತ್ತದೆ, ಧ್ವನಿಮುದ್ರಣಕ್ಕೆ ಐಎಸ್‌ಆರ್‌ಸಿ. ಈ ಕೊನೆಯ ಎರಡನ್ನು ಸರ್ವೆ ನಂಬರು ಎಂದುಕೊಳ್ಳಿ, ಮೊದಲನೆಯದು ನಿಮ್ಮ ಗುರುತು. ಹಾಡು ಬಿಡುಗಡೆಯಾಗುವ ವಾರದಲ್ಲೇ ಆಡಿಯೊ ಸಂಸ್ಥೆ ಇಲ್ಲವೇ ವಿತರಕರಿಂದ ಐಎಸ್‌ಆರ್‌ಸಿ ಕೇಳಿ ಬರೆದಿಟ್ಟುಕೊಳ್ಳಿ. ಆಮೇಲೆ ಫೋನ್ ಎತ್ತುವವರು ಬದಲಾಗಿರುತ್ತಾರೆ.

ಎಷ್ಟು ಬರುತ್ತದೆ ಎಂದು ಎಲ್ಲರೂ ಕೇಳುತ್ತಾರೆ. 2012ರ ನಂತರ ಬರೆದ ಹಾಡುಗಳಿಂದ ನನಗೆ ಬಂದ ಮೊದಲ ಹಂಚಿಕೆ 1,140 ರೂಪಾಯಿ. ಗ್ಯಾಸ್ ಸಿಲಿಂಡರಿಗೆ ಸರಿಹೋಯಿತು. ಆಮೇಲಿನ ವರ್ಷಗಳಲ್ಲಿ ಅದು ಬೆಳೆಯಿತು, ಒಂದು ವರ್ಷ ಕುಗ್ಗಿತು. ಹಂಚಿಕೆಯ ಪಟ್ಟಿ ಬಂದಾಗ ಮೊತ್ತ ಮಾತ್ರ ನೋಡಿ ಮುಚ್ಚಿಡಬೇಡಿ. ಯಾವ ಹಾಡು ಪಟ್ಟಿಯಲ್ಲಿ ಇಲ್ಲ ಎಂದು ನೋಡಿ. ರೇಡಿಯೊದವರು ಬಹುಕಾಲ ಧ್ವನಿಮುದ್ರಣಕ್ಕೆ ಕೊಟ್ಟಾಯಿತು, ಸಾಹಿತ್ಯ ಸಂಗೀತಕ್ಕೆ ಬೇರೆ ಏಕೆ ಎಂದು ವಾದಿಸಿದ್ದರು. 2023ರ ಏಪ್ರಿಲ್‌ನಲ್ಲಿ ಬಾಂಬೆ ಹೈಕೋರ್ಟ್ ಐಪಿಆರ್‌ಎಸ್ ಪರವಾಗಿ ನಿಂತು, ಮೂಲ ಕೃತಿಗಳ ಕರ್ತೃಗಳಿಗೂ ಕೊಡಬೇಕು ಎಂದಿತು. ಅಂಥ ತೀರ್ಪಿನ ಫಲ ತಲುಪುವುದು ಪಟ್ಟಿಯಲ್ಲಿ ಹೆಸರಿದ್ದವರಿಗೆ.

ಕೇಳಬಾರದ ಕಡೆ ಕೇಳಲು ಹೋಗಬೇಡಿ. ನಿಜವಾದ ಧಾರ್ಮಿಕ ಆಚರಣೆಗೆ, ಮದುವೆಯ ದಿಬ್ಬಣಕ್ಕೆ ಕಾನೂನೇ ವಿನಾಯಿತಿ ಕೊಟ್ಟಿದೆ. ಕಾರ್ತಿಕದಲ್ಲಿ ನಮ್ಮೂರ ಗುಡಿಯ ಮೈಕಿನಲ್ಲಿ ನನ್ನ ಹಾಡು ಬೆಳಗಿನ ಐದಕ್ಕೆ ಶುರುವಾಗುತ್ತದೆ. ನನಗೆ ನಿದ್ದೆಯೂ ಇಲ್ಲ, ರಾಯಲ್ಟಿಯೂ ಇಲ್ಲ.

ಬೇರೆಯವರ ಹೊಲಕ್ಕೆ ಕಾಲಿಡುವಾಗ

ನಿಮ್ಮದನ್ನು ಕಾಯುವಷ್ಟೇ ಮುಖ್ಯ ಇದು. ಕೃತಿಸ್ವಾಮ್ಯ ಕರ್ತೃವಿನ ಜೀವಿತಾವಧಿ ಮತ್ತು ನಂತರದ 60 ವರ್ಷ. ತೀರಿಕೊಂಡ ಮರುವರ್ಷದ ಜನವರಿಯಿಂದ ಎಣಿಕೆ. ಶಿಶುನಾಳ ಶರೀಫರ ಪದಗಳು ಎಲ್ಲರವು. 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಕವಿತೆಗಳು 2041ರ ಕೊನೆಯವರೆಗೆ, 1994ರಲ್ಲಿ ತೀರಿಕೊಂಡ ಕುವೆಂಪು ಅವರವು 2054ರ ಕೊನೆಯವರೆಗೆ ವಾರಸುದಾರರ ಅನುಮತಿ ಬೇಡುತ್ತವೆ. ಪದ ಮುಕ್ತವಾಗಿದ್ದರೂ ಅದಕ್ಕೆ ಮೊನ್ನೆ ಯಾರೋ ಕೂರಿಸಿದ ರಾಗ ಮುಕ್ತವಲ್ಲ ಎಂಬುದನ್ನು ಮರೆತು ಸಿಕ್ಕಿಬಿದ್ದವರು ಬಹಳ.

ಚುನಾವಣೆ ಬಂದರೆ ನನ್ನ ಮಳಿಗೆಗೆ ಅಭ್ಯರ್ಥಿಗಳ ಹುಡುಗರು ಬಂದು, ಗೆದ್ದ ಸಿನಿಮಾ ಹಾಡಿನ ಧಾಟಿಗೆ ನಾಲ್ಕು ಸಾಲು ಬರೆದುಕೊಡಿ ಎನ್ನುತ್ತಾರೆ. 2022ರಲ್ಲಿ ಕನ್ನಡ ಚಿತ್ರವೊಂದರ ಸಂಗೀತವನ್ನು ರಾಜಕೀಯ ಪಾದಯಾತ್ರೆಯ ವಿಡಿಯೊಗಳಿಗೆ ಬಳಸಿದ್ದಕ್ಕೆ ಬೆಂಗಳೂರಿನ ನ್ಯಾಯಾಲಯ ಟ್ವಿಟರ್ ಖಾತೆಗಳನ್ನೇ ತಡೆಹಿಡಿಯಲು ಆದೇಶಿಸಿದ್ದನ್ನು, ಮರುದಿನ ಹೈಕೋರ್ಟ್ ಆ ವಿಡಿಯೊಗಳನ್ನು ತೆಗೆಯಬೇಕೆಂಬ ಷರತ್ತಿನ ಮೇಲೆ ಅದನ್ನು ಬದಿಗಿಟ್ಟಿದ್ದನ್ನು ಹೇಳಿ ಕಳುಹಿಸುತ್ತೇನೆ. ಹೊಸ ಧಾಟಿಗೆ ಬರೆಯಲು ಅಡ್ಡಿಯಿಲ್ಲ ಎಂದರೆ ಮತ್ತೆ ಯಾರೂ ಬರುವುದಿಲ್ಲ.

ಯಂತ್ರದ ಮಾತು

ಕಳೆದ ವರ್ಷ ಒಬ್ಬ ಯುವ ಸಂಯೋಜಕ ಯಂತ್ರ ಬರೆದ ಹದಿನಾರು ಸಾಲು ಕಳುಹಿಸಿ, ‘ಸ್ವಲ್ಪ ತಿದ್ದಿ ಕೊಡಿ ಸರ್, ಅರ್ಧ ಸಂಭಾವನೆ’ ಎಂದ. ಪ್ರಾಸವಿತ್ತು, ಉಸಿರಿರಲಿಲ್ಲ. ಹದಿಮೂರು ಸಾಲು ಹೊಸದಾಗಿ ಬರೆದೆ, ಪೂರ್ಣ ಸಂಭಾವನೆ ಕೇಳಿದೆ, ಯಂತ್ರದ ಪ್ರತಿಯನ್ನೂ ನನ್ನ ಪ್ರತಿಯನ್ನೂ ಅಕ್ಕಪಕ್ಕ ಇಟ್ಟು ಇಮೇಲ್ ಮಾಡಿದೆ. ಯಾರು ಎಷ್ಟು ಬರೆದರು ಎಂಬುದಕ್ಕೆ ಇನ್ನು ಮುಂದೆ ಅದೇ ದಾಖಲೆ. 2025ರ ನವೆಂಬರ್ 11ರಂದು ಜರ್ಮನಿಯ ಮ್ಯೂನಿಕ್ ನ್ಯಾಯಾಲಯ, ಅಲ್ಲಿನ ಗೀತಕಾರರ ಸಂಘ ಗೇಮಾ ಹೂಡಿದ ದಾವೆಯಲ್ಲಿ, ಒಂಬತ್ತು ಜರ್ಮನ್ ಹಾಡುಗಳ ಸಾಹಿತ್ಯವನ್ನು ಚಾಟ್‌ಜಿಪಿಟಿಯ ಮಾದರಿ ತನ್ನೊಳಗೆ ಇಟ್ಟುಕೊಂಡು ಹೊರಹಾಕಿದ್ದು ಕೃತಿಸ್ವಾಮ್ಯದ ಉಲ್ಲಂಘನೆ ಎಂದಿತು. ಗಮನಿಸಬೇಕಾದದ್ದು, ದಾವೆ ಹೂಡಿದ್ದು ಸಂಘ. ಒಂಟಿ ಕವಿ ಅಲ್ಲಿಯವರೆಗೆ ಹೋಗಲಾರ.

ನಂತರದವರಿಗೆ

ಅರವತ್ತು ವರ್ಷ ಎಂದರೆ ಮೊಮ್ಮಕ್ಕಳ ಕಾಲ. ಸಂಘದಲ್ಲಿ ನಾಮನಿರ್ದೇಶನ ಮಾಡಿಸಿ, ಉಯಿಲಿನಲ್ಲಿ ಹಾಡುಗಳನ್ನು ಹೆಸರಿಸಿ. ನಾನು ನನ್ನ ಉಯಿಲನ್ನು ಹೋದ ಶ್ರಾವಣದಲ್ಲಿ ಬರೆದೆ. ‘ಎ’ ಷೆಡ್ಯೂಲಿನಲ್ಲಿ ಮನೆ, ‘ಬಿ’ಯಲ್ಲಿ ಇಪ್ಪತ್ತೆರಡು ಗುಂಟೆ ತೋಟ, ‘ಸಿ’ಯಲ್ಲಿ ನಲವತ್ತಮೂರು ಹಾಡುಗಳು, ಪ್ರತಿಯೊಂದರ ಮುಂದೆ ಮೊದಲ ಸಾಲು, ವರ್ಷ, ಪತ್ರದ ದಿನಾಂಕ, ಇದ್ದರೆ ಸಂಖ್ಯೆ. ಬರೆದುಕೊಟ್ಟ ಎಂಟನ್ನೂ ಸೇರಿಸಿ, ‘ಹೆಸರಿನ ಹಕ್ಕು ಮಾತ್ರ’ ಎಂದು ನಮೂದಿಸಿದೆ. ನೋಂದಣಿಗೆ ಕೊಟ್ಟಾಗ ಹೊಸದಾಗಿ ಬಂದಿದ್ದ ಗುಮಾಸ್ತೆ ಹುಡುಗಿ ಮೂರನೆಯ ಷೆಡ್ಯೂಲನ್ನು ಎರಡು ಬಾರಿ ಓದಿ, ‘ಇದಕ್ಕೆ ಚಕ್ಕುಬಂದಿ ಇಲ್ಲವಲ್ಲ ಸರ್’ ಎಂದಳು. ಚೀಲದಿಂದ ಪತ್ರಗಳ ಕಡತ ತೆಗೆದು ಅವಳ ಮೇಜಿನ ಮೇಲಿಟ್ಟೆ.